ಹಾರನ್ನಿಗೆ ಮೂರು ಮಾರ್ಕ್ಸು

ಮದ್ದೂರು ರೈಲ್ವೆ ಸ್ಟೇಷನ್ ಹಿಂದೆ ನಾನು ಬಾಡಿಗೆಗಿದ್ದ ಮನೆಯ ಓನರು, ಪುಟಾಣಿ ಮಾದರಿ ರೈಲುಗಳ ಸ್ವಯಂಘೋಷಿತ ವಿಮರ್ಶಕರು. ತಮ್ಮ ಹೆಂಡತಿ ಮಾಡುವ ಉಪ್ಸಾರಿನಿಂದ ನನ್ನ ನಗುವಿನವರೆಗೆ ಎಲ್ಲಕ್ಕೂ ಅವರದು ಒಂದೇ ತೀರ್ಪು: "ಒರಿಜಿನಲ್ ತರ ಇಲ್ಲ ಬುಡಿ."

ಒಂದು ಭಾನುವಾರ, ಸದ್ದು ಮಾಡುವ ಡೀಸೆಲ್ ಇಂಜಿನ್ನಿನ ಮಾದರಿಯೊಂದು ಅವರ ಮೇಜಿನ ಹಳಿ ಏರಿತು. ನಾನು ಅವರ ವಿಮರ್ಶೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡತೊಡಗಿದೆ. ಅವರು ಕಣ್ಣು ಮುಚ್ಚಿ, ಎಡಗಿವಿ ಮುಂದೆ ಚಾಚಿದರು. ಉದ್ದನೆಯ ಹಾರನ್ ಕೇಳಿಸಿತು.

"ಸೌಂಡಲ್ಲಿ ದಮ್ಮಿಲ್ಲ. ಒರಿಜಿನಲ್ ತರ ಇಲ್ಲ ಬುಡಿ. ಅತ್ತಕ್ಕೆ ಮೂರು ಮಾರ್ಕ್ಸು."

ಬಾಗಿಲಲ್ಲಿದ್ದ ಅವರ ಹೆಂಡತಿ ಅಂದರು: "ನೀವಿನ್ನೂ ಸ್ವಿಚ್ಚೇ ಆಕಿಲ್ಲ ಕಣ್ರೀ. ಈಗ ಕೂಗಿದ್ದು ಸ್ಟೇಸನ್ನಿಗೆ ಬಂದ ಟ್ರೇನು."

ವಿಮರ್ಶಕರು ಕಣ್ಣನ್ನೂ ತೆರೆಯಲಿಲ್ಲ.

"ಕೊಟ್ಟ ಮಾರ್ಕ್ಸು ಕೊಟ್ಟಂಗೇ. ರೈಲ್ವೆಯೋರು ಅವ್ರ ಟ್ರೇನಿನ ಆರನ್ ಸರಿ ಮಾಡ್ಕೊಳ್ಲಿ ಕಣಮ್ಮಿ."