ಮುಂಡರಗಿಯಿಂದ ಬಂದ ಗಡಿಯಾರ

ಅಕ್ಕಾರ ಬಲಗೈ ಹೆಬ್ಬೆರಳಿನ ಒಳಬದಿ ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಗಡಿಯಾರಗಳ ಕೀಲಿ ತಿರುವಿ ತಿರುವಿ ಆದದ್ದು. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರೂ ಬೆಟಗೇರಿಯ ನಮ್ಮ ಓಣಿಗೆಲ್ಲ ಅವರು ಇನ್ನೂ ಟೀಚರೇ, ಅಕ್ಕಾರೇ. ಒಬ್ಬರೇ ಇದ್ದರು. ಅವರ ಮನೆಯ ಮೇಲಿನ ಅಂತಸ್ತಿನಲ್ಲಿ ನಾವು ಬಾಡಿಗೆಗಿದ್ದೆವು.

ಅವರಿಗೆ ಹಳೆಯ ಕಾಲದ ಚೆಂದದ ಮೇಜುಗಡಿಯಾರಗಳ ಹುಚ್ಚು. ಲಕ್ಷ್ಮೇಶ್ವರದಲ್ಲಿ ಯಾವುದೋ ವಾಡೆ ಕೆಡವುತ್ತಾರೆ, ಶಿರಹಟ್ಟಿಯಲ್ಲಿ ಯಾರೋ ಅಣ್ಣತಮ್ಮಂದಿರು ಪಾಲಾಗುತ್ತಾರೆ ಎಂದು ಸುದ್ದಿ ಸಿಕ್ಕರೆ ಸಾಕು, ಬಸ್ಸು ಹತ್ತುವರು. ಕರಿಕಲ್ಲಿನದು, ಪಿಂಗಾಣಿಯದು, ಹಿತ್ತಾಳೆ ಸಿಂಹಗಳ ಬೆನ್ನೇರಿದ್ದು, ಯಾವುದಾದರೂ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತರುವರು. ತಂದ ಕೂಡಲೇ ಕೀಲಿ ಕೊಡುತ್ತಿರಲಿಲ್ಲ. “ಹೊಸಾ ಸೊಸಿ ಇದ್ದಂಗ ನೋಡವಾ. ಮೊದಲ ಕುಂಡ್ರಲಿ, ಆಮ್ಯಾಲೆ ಮಾತಾಡಸೋಣು,” ಅನ್ನುವರು.

ಮುಂಡರಗಿಯಿಂದ ತಂದದ್ದು ಬೇರೆಯೇ ನಮೂನೆ. ನಾಲ್ಕೂ ಕಡೆ ಗಾಜು. ಒಳಗೆ ತೂಗುವ ಲೋಲಕದಲ್ಲಿ ಜೋಡಿ ಗಾಜಿನ ಕೊಳವೆ, ಅವುಗಳ ತುಂಬ ಪಾದರಸ. ಬಸ್ಸಿನ ಕುಲುಕಾಟಕ್ಕೆ ಒಂದು ಕೊಳವೆ ಸಣ್ಣಗೆ ಸೀಳುಬಿಟ್ಟಿತ್ತು. ಅಕ್ಕಾರು ಸೀಳಿಗೆ ಮೇಣ ಮೆತ್ತಿ, ಮಲಗುವ ಕೋಣೆಯಲ್ಲಿ ತಲೆದೆಸೆಗೇ ಇಟ್ಟುಕೊಂಡರು. ಆದರೂ ಆಗಾಗ ಬೆಳ್ಳಿಹನಿಗಳು ಜಮಖಾನದ ಮೇಲೆ ಉದುರುತ್ತಿದ್ದವು. ನನ್ನ ಪುಟ್ಟ ಮಗಳು ಅವನ್ನು ತಾಟಿನಲ್ಲಿ ಓಡಿಸಿ ಆಡುವಳು. ನಾನು ಸಂಕೋಚಪಟ್ಟರೆ, “ಆಡ್ಲಿ ಬಿಡವಾ. ಪಾದರಸದ್ದು ಲಿಂಗಾನ ಮಾಡಿ ಪೂಜಿ ಮಾಡ್ತಾರ,” ಎಂದರು.

ಬೇಸಿಗೆ ಬಂತು. ಧೂಳಿಗೆ, ಝಳಕ್ಕೆ ಅಂಜಿ ಅವರು ಕಿಟಕಿ ತೆರೆಯುವುದನ್ನೇ ಬಿಟ್ಟರು.

ಬದಲಾವಣೆ ಮೊದಲು ಕಂಡದ್ದು ಅಂಗಳದ ರಂಗೋಲಿಯಲ್ಲಿ. ಕಣ್ಣುಮುಚ್ಚಿ ಗೆರೆ ಎಳೆದರೂ ಸೊಟ್ಟಾಗದ ಕೈ ಅದು. ಈಗ ಗೆರೆಗಳು ನಡುಗುತ್ತಿದ್ದವು. ಕೀಲಿಯನ್ನು ಗಡಿಯಾರದ ತೂತಿಗೆ ತಾಗಿಸಲು ಪರದಾಡುತ್ತಿದ್ದರು. ವಸಡಿನಲ್ಲಿ ರಕ್ತ ಬರತೊಡಗಿತು, ಒಂದು ಹಲ್ಲು ಬಿತ್ತು. “ವಯಸ್ಸಾತು” ಎಂದು ನಕ್ಕರು. ಆಮೇಲೆ ನಗುವುದೂ ನಿಂತಿತು. ದನಿಯೆತ್ತಿ ಗೊತ್ತೇ ಇಲ್ಲದವರು ಹಾಲಿನವನೊಡನೆ, ನೆರೆಯವರೊಡನೆ ಜಗಳಕ್ಕೆ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಕೆಳಗೆ ಹೋದ ಮಗಳು ಚೀರುತ್ತ ಮೇಲೆ ಬಂದಳು. ಹಿಂದೆಯೇ ಮೆಟ್ಟಿಲ ಬುಡದಲ್ಲಿ ಅಕ್ಕಾರು. “ಕಳ್ಳಿ, ನನ್ನ ಗಡಿಯಾರ ಹಾಳ ಮಾಡಾಕ ಬರ್ತಾಳ. ಇನ್ನೊಮ್ಮೆ ಹೊಸ್ತಿಲಾ ದಾಟಿದ್ರ ಕಾಲ ಮುರೀತೀನಿ.” ಅವರ ಕಣ್ಣು ನೋಡಿ ನನಗೆ ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಅಂದಿನಿಂದ ಮಗಳನ್ನು ಕೆಳಗೆ ಬಿಡಲಿಲ್ಲ. ಅವರ ಮಲಗುವ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿಯೇ ಇರುತ್ತಿತ್ತು.

ಮಳೆಗಾಲದಲ್ಲಿ ಅವರು ಬಚ್ಚಲ ಬಾಗಿಲಲ್ಲಿ ಬಿದ್ದರು. ಮುಖ, ಕಾಲು ಊದಿದ್ದವು. ಹುಬ್ಬಳ್ಳಿಗೆ ಒಯ್ದೆವು. ಡಾಕ್ಟರು ಕೈನಡುಕ ನೋಡಿ, ವಸಡು ನೋಡಿ, ನನ್ನ ಕಡೆ ತಿರುಗಿದರು. “ಇವ್ರು ಪಾದರಸದ ಕೆಲಸಾ ಏನರ ಮಾಡ್ತಾರೇನ್ರಿ?”

ತಾಟಿನಲ್ಲಿ ಓಡುತ್ತಿದ್ದ ಹನಿಗಳು ಕಣ್ಣಮುಂದೆ ಬಂದವು. “ನನ್ನ ಮಗಳು,” ಎಂದೆ. ಮರುದಿನವೇ ಅವಳನ್ನೂ ಪರೀಕ್ಷೆಗೆ ಕರೆತಂದೆ.

ಮಗಳ ಮೈಯಲ್ಲೂ ವಿಷ ಸಿಕ್ಕಿತು, ಆದರೆ ಅಲ್ಪ. ಆ ಮುಚ್ಚಿದ ಕೋಣೆಯ ಪಾದರಸದ ಆವಿಯಿಂದ ದೂರವಿದ್ದಳಾಗಿ ಬಚಾವಾದಳು, ತಾನಾಗಿಯೇ ಇಳಿಯುತ್ತದೆ ಎಂದರು ಡಾಕ್ಟರು. ಅಕ್ಕಾರ ಮೂತ್ರಪಿಂಡಗಳು ಮಾತ್ರ ಕೈಬಿಟ್ಟಿದ್ದವು.

ಕೊನೆಯ ಸಲ ನೋಡಲು ಹೋದಾಗ ಮಗುವಿನ ಪರೀಕ್ಷೆಯ ವಿಷಯ ತಿಳಿಸಿದೆ. “ಕೂಸಿಗೆ ಹಂಗ್ಯಾಕ ಬೈದ್ನೋ ನಂಗ ತಿಳೀವಲ್ದವಾ. ನಾ ಅಲ್ಲ ಅದು, ಆ ವಿಷ ಮಾತಾಡ್ತಿತ್ತು,” ಎಂದರು. ಆಮೇಲೆ ಗೋಡೆಯ ಕಡೆ ಹೊರಳಿ, “ಆದ್ರ ಬೈದದ್ದ ಚಲೋ ಆತು ನೋಡು.”

ಮೂರನೆಯ ದಿನ ಹೋದರು.

ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಅಕ್ಕಾರು ಎಂದರೆ ಅವಳಿಗೆ ನೆನಪಿರುವುದು ಮೆಟ್ಟಿಲ ಬುಡದ ಆ ಬೈಗುಳ ಒಂದೇ. ಆ ಬೈಗುಳದಿಂದಲೇ ನೀನು ಉಳಿದೆ ಎಂದು ಈ ವರ್ಷ ಹೇಳಿದೆ. “ಅವ್ರ ಫೋಟೋ ಐತೇನವ್ವಾ?” ಎಂದಳು.