ಹಿಂದೆ ಎಂಜಿನ್ ಇದ್ದ ಬಸ್ಸೂ ದೌಲತರಾಯರ ಒಂದು ಮಾತೂ

ನಮ್ಮ ಸೀಮೆಯ ಬಸ್ಸುಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಅದರ ಅರ್ಧವನ್ನು ಈಗ ನಿವೃತ್ತರಾಗುತ್ತಿರುವ ಹೆಡ್ ಮೆಕ್ಯಾನಿಕ್ ಶ್ರೀ ದೌಲತರಾಯರಿಗೂ, ಉಳಿದರ್ಧವನ್ನು, ಸಂಕೋಚಪಡದೆ ಹೇಳುವುದಾದರೆ, ಕಂಡಕ್ಟರನಾಗಿದ್ದ ನನಗೂ ಮೀಸಲಿಡಬೇಕಾಗುತ್ತದೆ.

೧೯೭೮ರಲ್ಲಿ ನಮ್ಮ ಆಳಂದ ಡಿಪೋಗೆ ಬಂದ ಒಂದು ಚಾಸಿಗೆ, ಎಂದರೆ ಬಾಡಿಯಿಲ್ಲದ ಬಸ್ಸಿನ ಅಡಿಗಟ್ಟಿಗೆ, ಎಂಜಿನ್ ಹಿಂಭಾಗದಲ್ಲಿತ್ತು. ಅಂಥದ್ದನ್ನು ಆಳಂದದವರಿರಲಿ, ದೇವೇಂದ್ರನೂ ಕಂಡಿರಲಿಲ್ಲ. ಬಾಡಿ ಕಟ್ಟಿ ಓಡಿಸಿದ ದಿನ ಖಜೂರಿಯ ಜನ ಊರಿಗೆ ಬೀಗ ಹಾಕಿಕೊಂಡು ನೋಡಲು ಬಂದರು. ಆದರೆ ಗಾಲಿ ಎಬ್ಬಿಸಿದ ಧೂಳೆಲ್ಲ ಹಿಂದಿನ ರೇಡಿಯೇಟರಿಗೆ ಮೆತ್ತಿ, ಎರಡು ಬೇಸಿಗೆಗಳಲ್ಲಿ ಎರಡು ಸಲ ನೀರು ಕುದಿದು, ಉಗಿ ಸೊಲ್ಲಾಪುರದವರೆಗೆ ಕಾಣಿಸಿತು. ಕೊನೆಯ ಸೀಟಿನಲ್ಲಿದ್ದ ಭೂಸನೂರಿನ ಕಾಶಿಬಾಯಿ, "ನಿಮ್ಮ ಬಸ್ಸಿನ್ಯಾಗ ರೊಟ್ಟಿ ಬಡೀಲಿಕ್ಕಿ ಒಲಿನೇ ಬ್ಯಾಡ ನೋಡ್ರಿ" ಎಂದು ಹಂಗಿಸಿದರು.

ಮೇಲಿನವರು ಚಾಸಿಯನ್ನು ಗುಜರಿಗೆ ಹಾಕಲು ಹೊರಟಾಗ, ದಿನಾ ರೇಡಿಯೇಟರ್ ತೊಳೆದರೆ ಈ ಎರೆಮಣ್ಣಿನ ನಾಡಿನಲ್ಲೂ ಅದು ಓಡಬಲ್ಲುದೆಂದು ದೌಲತರಾಯರು ಬರೆದುಕೊಟ್ಟರು. ತಪಾಸಣೆಯ ಸಾಹೇಬರನ್ನು ಕೂರಿಸಿಕೊಂಡು ಆಳಂದದಿಂದ ಅಫಜಲಪುರದ ಮೇಲೆ ಜೇವರ್ಗಿಗೆ ಒಂದು ಪರೀಕ್ಷೆಯ ಓಟ; ಸೋತರೆ ಚಾಸಿ ಗುಜರಿಗೆ ಹೋಗುವುದು, ರಾಯರ ಕೈಯಿಂದ ವರ್ಕ್‌ಶಾಪು ಹೋಗುವುದು ಎಂದು ತೀರ್ಮಾನವಾಯಿತು.

ಅದರ ಹಿಂದಿನ ಸಂಜೆ, ಮಜ್ಜಿಗೆಯ ಗಡಿಗೆಗೆ ಅರಿವೆ ಕಟ್ಟುವ ಮನೆಯಲ್ಲಿ ಬೆಳೆದ ನಾನು, ಎಂಜಿನ್ನಿಗೆ ಧೂಳು ತಾಗದಿರಲೆಂದು ಹಿಂದಿನ ಜಾಲರಿಗೆ ಗೋಣಿಯ ತಟ್ಟನ್ನು ಬಿಗಿಯಾಗಿ ಹೊಲಿದೆ. ಯಾರಿಗೂ ಹೇಳಲಿಲ್ಲ, ಯಶಸ್ಸು ಬಂದಮೇಲೆ ಹೇಳೋಣವೆಂದಿದ್ದೆ.

ಗಾಳಿಯಾಡದೆ ಬಸ್ಸು ಅಫಜಲಪುರದ ಹತ್ತಿರ ಕುದಿದು ನಿಂತಿತು. ಇಪ್ಪತ್ತು ವರ್ಷದ ರೂಢಿಯಂತೆ ಡ್ರೈವರ್ ಯಾಕೂಬಸಾಬರು ಕೊಡ ಹಿಡಿದು ಮುಂದಿನ ಮುಚ್ಚಳ ತೆಗೆದರು. ಅಲ್ಲಿದ್ದುದು ಸ್ಟೆಪ್ನಿ ಗಾಲಿ. "ನೀರು ಯಾರಿಗಿ ಕುಡಸ್ತೀರಿ ಸಾಬರ? ಅದರ ಬಾಯಿ ಹಿಂದ ಅದರಿ!" ಎನ್ನುತ್ತ ಹಿಂದೆ ಹೋದ ರಾಯರು ತಟ್ಟನ್ನು ಕಂಡರು, ನನ್ನ ಮುಖವನ್ನೂ ಕಂಡರು.

"ಇದನ್ನು ಕಟ್ಟಿದವರು ಯಾರು?" ಎಂದು ತಪಾಸಣೆಯ ಸಾಹೇಬರು ಗದರಿದರು.

"ನಾನೇ ರೀ. ಚಾಸಿದೇನೂ ತಪ್ಪಿಲ್ರಿ. ಬಿಚ್ಚಿ ಓಡಸ್ತೇನಿ, ನೋಡ್ರಿ" ಎಂದರು ರಾಯರು.

ಬಿಚ್ಚಿದ ಬಸ್ಸು ಜೇವರ್ಗಿಯನ್ನು ತಣ್ಣಗೆ ಮುಟ್ಟಿತು. ಚಾಸಿ ಉಳಿದು ೧೯೯೩ರವರೆಗೆ ದುಡಿಯಿತು. ತಟ್ಟಿನ ತಪ್ಪಿಗಾಗಿ ವರ್ಕ್‌ಶಾಪು ಕಳೆದುಕೊಂಡ ರಾಯರು ಮಾತ್ರ ಐದು ವರ್ಷ ತಾವೇ ಕೆಲಸ ಕಲಿಸಿದವರ ಕೈಕೆಳಗೆ ನಟ್ಟು ತಿರುವುವ ಪಾನಾ ಹಿಡಿದು ಬಸ್ಸುಗಳ ಅಡಿಯಲ್ಲಿ ಮಲಗಿದರು. ಆ ಬಗ್ಗೆ ನನಗೆ ಅಂದದ್ದು ಒಂದೇ ಮಾತು: "ಪೀರಪ್ಪ, ಹೊಲಿಗಿ ಭಾಳ ಛಂದ ಹಾಕಿದ್ದಿ ನೋಡು. ಬಿಚ್ಚೂದ್ರಾಗ ಉಗುರು ಹೋತು."

ತಟ್ಟು ಹೊಲಿದವನು ನಾನು. ಸೇವಾಪುಸ್ತಕದಲ್ಲಿ ಅವರ ಹೆಸರಿಗಿರುವ ಆ ತಪ್ಪನ್ನು ನನ್ನ ಹೆಸರಿಗೆ ವರ್ಗಾಯಿಸಬೇಕೆಂದು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಆದೇಶ ಬಂದ ದಿನ ಅದನ್ನು ಅವರು ಕನ್ನಡಕವಿಲ್ಲದೆ ಓದುವಂತಾಗಲಿ, ಅಲ್ಲಿಯವರೆಗೂ ಅವರ ಕೈಗೆ ಪಾನಾ ಭಾರವಾಗದಿರಲಿ. ಕಚೇರಿಯ ವೇಗವನ್ನು ಬಲ್ಲ ನಾನು ಅವರಿಗೆ ನೂರು ವರ್ಷಕ್ಕಿಂತ ಕಡಿಮೆ ಆಯುಷ್ಯವನ್ನು ಹಾರೈಸಲಾರೆ.