ಅಕ್ಕನ ಮಡಿಯೂ ಅಗ್ಗಿಷ್ಟಿಕೆಯ ಹೊಗೆಕೊಳವೆಯೂ

ನಮ್ಮ ಮನೆಗೆ ಅಗ್ಗಿಷ್ಟಿಕೆ ಬಂದದ್ದು ಕಾರ್ತಿಕ ಮಾಸದ ಕೊನೆಯಲ್ಲಿ, ಗೂಡ್ಸ್ ಆಟೋದಲ್ಲಿ, ಹಳೆಯ ಕಂಬಳಿಯೊಂದನ್ನು ಹೊದ್ದುಕೊಂಡು. ನನ್ನ ಸೊಸೆ ವಿಮಾನ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯವರು ತಮ್ಮ ಹಜಾರವನ್ನು ಹೊಸದಾಗಿ ಸಿಂಗರಿಸುವಾಗ, ಗ್ಯಾಸಿನಿಂದ ಉರಿಯುವ ಈ ಪೆಟ್ಟಿಗೆ ಬೇಡವಾಯಿತಂತೆ. ಅದನ್ನು ಎಸೆಯುವ ಮೊದಲೇ ಸೊಸೆ ಕೇಳಿ ಪಡೆದಿದ್ದಳು. ಎದುರಿಗೆ ದಪ್ಪ ಗಾಜು. ಒಳಗೆ, ನೋಡಿದರೆ ಸೌದೆಯೆಂದೇ ನಂಬಬೇಕಾದ, ಆದರೆ ಎಂದಿಗೂ ಉರಿಯದ ಐದಾರು ಕೊರಡುಗಳು.

ನನ್ನ ಅಕ್ಕ ದೂರದಲ್ಲಿಯೇ ನಿಂತು ಬಗ್ಗಿ ನೋಡಿದಳು. "ಸೌದೆ ಉರಿಯಲ್ವೇನೇ?"

"ಇಲ್ಲ ಅತ್ತೆ, ಗ್ಯಾಸ್ ಉರಿಯುತ್ತೆ. ಅದು ಬರೀ ನೋಡೋಕೆ."

"ಉರಿಯದ ಸೌದೆ ನೋಡೋಕೆ ಹೋಟ್ಲಿಂದ ತರ್ಬೇಕಾಗಿತ್ತಾ? ಮಳೇಲಿ ನೆಂದಿದ್ದು ಹಿತ್ತಿಲಲ್ಲಿ ರಾಶಿ ಬಿದ್ದಿದೆ."

ಪೆಟ್ಟಿಗೆಯ ಜೊತೆಗೆ ಒಂದು ಗೋಣಿಚೀಲವೂ ಬಂದಿತ್ತು. ಹೊಗೆಯನ್ನು ಮನೆಯಿಂದ ಹೊರಗೆ ಸಾಗಿಸುವ ಏಳು ನೇರ ಕೊಳವೆಗಳು, ತಿರುವುಗಳಲ್ಲಿ ಕೂರಿಸುವ ಮೂರು ಬೆಂಡುಗಳು, ಹೊರತುದಿಗೆ ಹಾಕುವ ಒಂದು ತಗಡಿನ ಟೋಪಿ ಅದರಲ್ಲಿದ್ದವು. ಯಾವುದನ್ನು ಎಲ್ಲಿಗೆ ಸೇರಿಸಬೇಕೆಂದು ಹೇಳುವ ಕಾಗದ ಮಾತ್ರ ಇರಲಿಲ್ಲ. ಗ್ಯಾಸಿನ ಕೆಲಸ ಬಲ್ಲವರು ದೇವನಹಳ್ಳಿಯಿಂದ ಬರಲು ಇನ್ನೂ ಒಂದು ವಾರವಿತ್ತು. ಆಗ ಸೊಸೆ ನನ್ನ ಮುಂದೆ ನಿಂತು, ನನ್ನ ಜೀವನದಲ್ಲಿಯೇ ನಾನು ಕೇಳಿರದಿದ್ದ ಒಂದು ಬಿನ್ನಹವನ್ನು ಮಾಡಿದಳು.

"ಮಾವ, ಸುತ್ತಮುತ್ತ ಯಾರ ಮನೆ ಗೃಹಪ್ರವೇಶ ಆದ್ರೂ ಹೋಮಕುಂಡದ ಅಳತೆ ಹಾಕೋರು ನೀವೇ. ಈ ಪೈಪು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ನೀವೇ ಒಂದು ಗುರುತು ಹಾಕ್ಬಿಡಿ."

ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಅಗ್ನಿಯನ್ನು ಬರಮಾಡಿಕೊಳ್ಳುವ ಕ್ರಮವನ್ನು ಗುರುಮುಖದಿಂದ ಕಲಿತಿದ್ದೆನೇ ಹೊರತು, ಹೊಗೆಯನ್ನು ಬೀಳ್ಕೊಡುವ ಕ್ರಮವನ್ನು ಯಾರೂ ನನಗೆ ಕಲಿಸಿರಲಿಲ್ಲ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡದ್ದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನಿಗೆ ಎಂಬತ್ತು ದಾಟಿದೆ. ನನ್ನನ್ನು ಎತ್ತಿ ಆಡಿಸಿದವಳು. ಬಹಳ ಕಾಲದಿಂದ ನಮ್ಮೊಡನೆಯೇ ಇದ್ದಾಳೆ. ಅವಳ ಮಡಿ ಕಟ್ಟುನಿಟ್ಟಾದದ್ದು. ಒಂಬತ್ತು ಗಜದ ನೂಲಿನ ಸೀರೆಯನ್ನು ತಾನೇ ಒಗೆದು ಹಿಂಡಿ, ಯಾರ ಕೈಗೂ ಎಟುಕದ ಹಾಗೆ ತನ್ನ ಕೋಣೆಯ ಸೂರಿಗೆ ತೂಗುಹಾಕಿದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಹರವುತ್ತಾಳೆ. ಮರುದಿನ ಮುಂಜಾನೆ ಸ್ನಾನವಾದ ಮೇಲೆ ಅದನ್ನೇ ಉಟ್ಟು ದೇವರ ಮುಂದೆ ಕೂರಬೇಕು. ನಡುವೆ ಬೇರೊಬ್ಬರ ಕೈ ಸೋಕಿದರೆ ಅದು ಮಡಿಯಲ್ಲ.

ನಮ್ಮ ಮನೆ ಇರುವುದು ಆವತಿಯ ಹತ್ತಿರ. ಮಾರ್ಗಶಿರ ಹುಟ್ಟಿತೆಂದರೆ ನಂದಿಬೆಟ್ಟದ ಕಡೆಯ ಮಂಜು ಬೆಳಗಿನ ಜಾವ ಅಂಗಳಕ್ಕೇ ಬಂದು ಕೂರುತ್ತದೆ. ಆ ಥಂಡಿಯಲ್ಲಿ ಒಂಬತ್ತು ಗಜ ಬಟ್ಟೆ ಒಂದು ರಾತ್ರಿಗೆ ಒಣಗುವುದಿಲ್ಲ. ಅರ್ಧ ಒದ್ದೆಯಾದ ಸೀರೆಯನ್ನೇ ಉಟ್ಟು, ಧನುರ್ಮಾಸದ ಅಷ್ಟೂ ದಿನ ಸೂರ್ಯ ಹುಟ್ಟುವ ಮೊದಲೇ ಜಪ ಮುಗಿಸಿ, ಹುಗ್ಗಿ ಮಾಡಿ, ನೈವೇದ್ಯಕ್ಕಿಡುವುದು ಅವಳ ವ್ರತ. ಕಳೆದ ವರ್ಷ ಹಿಡಿದ ಕೆಮ್ಮು ಶಿವರಾತ್ರಿಯವರೆಗೂ ಬಿಡಲಿಲ್ಲ. ಇನ್ನೊಂದು ಚಳಿಗಾಲ ಹೀಗೆಯೇ ಕಳೆದರೆ ಕಷ್ಟವೆಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಉಪಾಯಗಳನ್ನು ನಾವು ಹೇಳದೆ ಬಿಟ್ಟಿರಲಿಲ್ಲ. ಉಣ್ಣೆಯ ಧಾಬಳಿ ಉಡು ಎಂದರೆ, "ಮೈಯೆಲ್ಲಾ ತುರಿಸುತ್ತೆ. ಜಪ ಮಾಡ್ಲೋ, ಕೆರ್ಕೊಳ್ಲೋ?" ಎನ್ನುವಳು. ರೇಷ್ಮೆಯನ್ನು, ಇಲ್ಲೇ ಹತ್ತಿರದ ವಿಜಯಪುರದಲ್ಲಿ ಗೂಡು ಬೇಯಿಸುವುದನ್ನು ಕಣ್ಣಾರೆ ಕಂಡ ದಿನವೇ ತ್ಯಜಿಸಿದ್ದಳು. ಹೊರಗೆ ಬಿಸಿಲಿಗೆ ಹಾಕೋಣವೆಂದರೆ ಕಾಗೆಯ ಭಯ. ಒದ್ದೆ ಬಟ್ಟೆ ಕೂಡದೆಂದ ವೈದ್ಯರ ಮಾತಿಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅವ್ರು ಬೆಳಗ್ಗೆ ಎಷ್ಟು ಗಂಟೆಗೆ ಏಳ್ತಾರಂತೆ?"

ಹೀಗಿರುವಾಗ ಗೋಣಿಚೀಲದ ಕೊಳವೆಗಳನ್ನು ಕಂಡು ನನಗೊಂದು ಯೋಚನೆ ಹೊಳೆಯಿತು. ಬಿಸಿ ಹೊಗೆ ಸಾಗುವ ಕೊಳವೆ ಬಿಸಿಯಾಗಲೇಬೇಕು. ಅದು ಅಕ್ಕನ ಗಳುವಿನ ಕೆಳಗೆ ಹಾದುಹೋದರೆ ಸೀರೆ ತಾನಾಗಿ ಒಣಗುತ್ತದೆ. ಯಾರೂ ಮುಟ್ಟಬೇಕಾಗಿಲ್ಲ, ಯಾರೂ ಹೇಳಬೇಕಾಗಿಲ್ಲ. ಹೇಳಿದರೆ ಅವಳು ಒಪ್ಪುವವಳಲ್ಲ. ತನಗಾಗಿ ಯಾರಾದರೂ ಒಂದು ಲೋಟ ನೀರು ಹೆಚ್ಚಾಗಿ ಕಾಯಿಸಿದರೂ ಮನೆ ಹಾಳಾಯಿತೆಂದು ಕೂಗುವವಳು. ಆದ್ದರಿಂದ ನನ್ನ ಉದ್ದೇಶವನ್ನು ಗುಟ್ಟಾಗಿಟ್ಟುಕೊಂಡೆ.

ಅಗ್ಗಿಷ್ಟಿಕೆ ಇಟ್ಟಿದ್ದು ಹಜಾರದ ಪೂರ್ವದ ಗೋಡೆಗೆ. ಅಕ್ಕನ ಕೋಣೆ ಪಶ್ಚಿಮಕ್ಕೆ. ನಾನು ಮನಸ್ಸಿನಲ್ಲಿಯೇ ಕೊಳವೆಯನ್ನು ಹಜಾರದ ಉದ್ದಕ್ಕೂ ಸೂರಿನಡಿಯಲ್ಲಿ ನಡೆಸಿ, ಅಕ್ಕನ ಕೋಣೆಯನ್ನು ಹೊಗಿಸಿ, ಗಳುವಿನ ಕೆಳಗೆ ತಿರುಗಿಸಿ, ಉತ್ತರದ ಗೋಡೆಯಿಂದ ಹೊರಡಿಸಿದೆ. ಗರ್ಭಗುಡಿಯ ಅಭಿಷೇಕದ ನೀರು ಹೊರಹೋಗುವುದು ಉತ್ತರಕ್ಕೆ, ಮೆಲ್ಲಗೆ ಇಳಿಯುವ ಕಲ್ಲಿನ ತೂಬಿನಲ್ಲಿ. ದೇವಾಲಯಕ್ಕೆ ಸಲ್ಲುವ ಕ್ರಮ ಮನೆಗೂ ಸಲ್ಲಬೇಕೆಂದು, ಕೊಳವೆಗೂ ಮೊದಲಿನಿಂದ ಕೊನೆಯವರೆಗೆ ಒಂದೇ ಹದವಾದ ಇಳಿಜಾರನ್ನು ಕೊಟ್ಟೆ. ಚೀಲದಲ್ಲಿದ್ದ ಮೂರು ಬೆಂಡುಗಳೂ ಬಳಕೆಯಾದವು. ಯಾವುದೂ ಮಿಗದಿದ್ದುದನ್ನು ಕಂಡು, ನನ್ನ ಲೆಕ್ಕಾಚಾರಕ್ಕೆ ದೈವದ ಸಮ್ಮತಿಯೂ ಇದೆಯೆಂದು ಭಾವಿಸಿದೆ.

ಕಾಗದದ ಮೇಲೆ ಬರೆದರೆ ನನಗೆ ತೃಪ್ತಿಯಿಲ್ಲ. ಹಗ್ಗ ಹಿಡಿದು ಅಳೆದು, ರಂಗೋಲಿ ಪುಡಿಯಿಂದ ಹಜಾರದ ನೆಲದ ಮೇಲೆಯೇ ಕೊಳವೆಯ ದಾರಿಯನ್ನು ಅದರ ನಿಜವಾದ ಅಳತೆಯಲ್ಲಿ ಬರೆದೆ. ಉತ್ತರಕ್ಕೇ ಏಕೆ ಎಂದು ಮಗ ಕೇಳಿದಾಗ ದೇವಾಲಯದ ತೂಬಿನ ವಿಚಾರವನ್ನು ವಿಸ್ತಾರವಾಗಿ ಹೇಳಿದೆ. ನನ್ನ ಗ್ರಹಚಾರಕ್ಕೆ ಅಕ್ಕ ಅದನ್ನು ಕೇಳಿಸಿಕೊಂಡಳು.

"ಹಾಗಾದ್ರೆ ಇದನ್ನ ದಾಟ್ಬಾರ್ದು," ಎಂದಳು. ಶಿವಾಲಯದಲ್ಲಿ ಪ್ರದಕ್ಷಿಣೆ ಮಾಡುವವರು ಆ ತೂಬನ್ನು ದಾಟದೆ ಹಿಂದಿರುಗುವುದು ಸಂಪ್ರದಾಯ.

"ಅಕ್ಕ, ಇದು ಬರೀ ಗುರುತು."

"ನೀನೇ ತಾನೇ ಈಗ ಹೇಳಿದ್ದು, ಅದೇ ಕ್ರಮ ಅಂತ? ಸಂಸ್ಕೃತ ಓದಿದೋನು ನೀನೇ ಹೀಗೆ ಮಾತು ತಿರುಗ್ಸಿದ್ರೆ ಹೇಗೋ?"

ಗೆರೆ ಹಜಾರವನ್ನು ಎರಡು ಭಾಗ ಮಾಡಿತ್ತು. ಬೀದಿಬಾಗಿಲು, ದೇವರ ಮನೆ, ಕೋಣೆಗಳೆಲ್ಲ ಒಂದು ಕಡೆ. ಅಡುಗೆಮನೆ ಇನ್ನೊಂದು ಕಡೆ. ಅಂದಿನಿಂದ ನಮ್ಮ ಮನೆಯವರೆಲ್ಲ ಅಡುಗೆಮನೆಗೆ ಹೋಗಬೇಕಾದರೆ ಬೀದಿಬಾಗಿಲಿನಿಂದ ಹೊರಬಿದ್ದು, ಮನೆಯನ್ನು ಬಳಸಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬರಬೇಕಾಯಿತು. ಸೊಸೆ ಕೆಲಸಕ್ಕೆ ಹೊರಡುವ ಆತುರದಲ್ಲಿ ಗೆರೆಯ ಈಚೆ ನಿಂತಳು, ಮಗ ಆಚೆಯಿಂದ ಕಾಫಿ ಲೋಟವನ್ನು ಚಾಚಿದ. "ರೀ, ಗಡೀಲಿ ನಿಂತು ಕಾಫಿ ಈಸ್ಕೊಳ್ಳೋ ಹಾಗಾಯ್ತಲ್ರೀ ನಮ್ಮ ಬಾಳು," ಎಂದಳು ಅವಳು. ನಕ್ಕವರಲ್ಲಿ ನಾನೂ ಒಬ್ಬ. ಆದರೆ ಎರಡನೆಯ ದಿನ ಅಕ್ಕ ಬೆಳಗಿನ ಮಂಜಿನಲ್ಲಿ ಒದ್ದೆ ಸೀರೆಯುಟ್ಟು ಮನೆಯನ್ನು ಸುತ್ತಿಕೊಂಡು ಅಡುಗೆಮನೆಗೆ ಹೋಗುವುದನ್ನು ಕಂಡಾಗ ನನ್ನ ನಗೆ ನಿಂತಿತು. ಸುತ್ತು ಮುಗಿಸುವುದರೊಳಗೆ ಅವಳು ಮೂರು ಬಾರಿ ಕೆಮ್ಮಿದಳು. ಅವಳ ಕೆಮ್ಮನ್ನು ತಡೆಯಲು ಹೊರಟ ನಾನು, ಧನುರ್ಮಾಸಕ್ಕೂ ಮೊದಲೇ ಅದನ್ನು ಬರಮಾಡಿಕೊಂಡಿದ್ದೆ.

ಕೆಲಸ ಬೇಗ ಮುಗಿಯಲೆಂದು, ದೇವನಹಳ್ಳಿಯ ಫಿಟ್ಟರು ಬರುವ ದಿನದ ಬೆಳಿಗ್ಗೆಯೇ ಕೊಳವೆಗಳನ್ನು ಜೋಡಿಸಿ ಪರೀಕ್ಷೆ ಮಾಡಲು ನಿಶ್ಚಯಿಸಿದೆ. ಊಟದ ಮೇಜಿನ ಮೇಲೆ ಎರಡು ಮಣೆ, ಅನಂತರ ಬರಿಯ ಮೇಜು, ಕುರ್ಚಿ, ಬೋರಲು ಹಾಕಿದ ಕೊಳಗ, ಹೀಗೆ ಎತ್ತರದಿಂದ ತಗ್ಗಿಗೆ ಇಳಿಯುತ್ತ ಕೊಳವೆ ಅಕ್ಕನ ಕೋಣೆಯ ಉತ್ತರದ ಕಿಟಕಿಯನ್ನು ಮುಟ್ಟಿತು. ಮಗ ನಡುವೆ ಹಿಡಿದು ನಿಂತ. ನಾನು ಮೇಲಿನ ತುದಿಯ ಬಾಯಿಗೆ ಧೂಪಾರತಿಯನ್ನು ಹಿಡಿದು, ಕೆಂಡದ ಮೇಲೆ ಧಾರಾಳವಾಗಿ ಸಾಂಬ್ರಾಣಿ ಹಾಕಿದೆ.

"ಆ ಕಡೆ ಹೊಗೆ ಬಂತೇನೋ?"

"ಇಲ್ಲಪ್ಪ. ಈ ಕಡೇನೇ ಎಲ್ಲಾ ಬರ್ತಿದೆ."

ಇನ್ನೊಂದು ಹಿಡಿ ಹಾಕಿದೆ. ಹೊಗೆ ಕೊಳವೆಯೊಳಗೆ ಇಣುಕಿ ನೋಡಿ, ಒಳಹೋಗಲು ಮನಸ್ಸಿಲ್ಲದೆ, ಹಿಂದಿರುಗಿ ನನ್ನ ಗಡ್ಡಕ್ಕೆ ಬಂತು. ಸ್ವಲ್ಪ ಹೊತ್ತಿನಲ್ಲಿ ಹಜಾರದಲ್ಲಿ ಮಗ ಕಾಣಿಸದಾದ. ಅವನ ದನಿ ಮಾತ್ರ ಕೇಳುತ್ತಿತ್ತು. ದೇವರ ಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದ ಅಕ್ಕ ಸಾಂಬ್ರಾಣಿಯ ಆ ಮಹಾಪೂರವನ್ನು ಕಂಡು, ತನಗೆ ತಿಳಿಸದೆಯೇ ನಾನು ಮಹಾಮಂಗಳಾರತಿ ಆರಂಭಿಸಿದ್ದೇನೆಂದು ಎಣಿಸಿದಳು. ಗಂಟೆ ಬಾರಿಸತೊಡಗಿದಳು. ಆರತಿಯ ಹಾಡನ್ನೂ ಎತ್ತಿಕೊಂಡಳು. ಎರಡು ನುಡಿಗಳ ನಡುವೆ, "ಸ್ನಾನ ಆಯ್ತೇನೋ ನಿಂದು?" ಎಂದು ಕೂಗಿ ಕೇಳಿದಳು.

ಫಿಟ್ಟರು ಬಾಗಿಲಲ್ಲಿ ಕಾಣಿಸಿಕೊಂಡದ್ದು ಆ ಗಳಿಗೆಯಲ್ಲಿ. ಹೋಟೆಲುಗಳ ಅಡುಗೆಮನೆಗೆ ಗ್ಯಾಸಿನ ಕೊಳವೆ ಹಾಕಿ ನುರಿತ ನಡುವಯಸ್ಸಿನವರು. ಚಪ್ಪಲಿ ಬಿಟ್ಟು, ಕೈಮುಗಿದು, ಹಾಡು ಮುಗಿಯುವವರೆಗೂ ವಿನಯದಿಂದ ನಿಂತಿದ್ದು, ಆಮೇಲೆ ಹೊಗೆಯೊಳಗಿನಿಂದ ಕೊಳವೆಯನ್ನು ಕಂಡರು.

"ಮೇಷ್ಟ್ರೇ, ಇದೇನ್ ಸಾ, ಹೊಗೆಗೆ ಇಳಿಜಾರು ಕೊಟ್ಬಿಟ್ಟಿದೀರಾ! ಇದೇನು ಬಚ್ಚಲ ನೀರಾ?"

"ಏಕೆ? ಇಳಿಯುವುದಿಲ್ಲವೆ?"

"ಹೊಗೆ ಯಾವತ್ತು ಇಳೀತು ಸಾ? ಅದು ಮೇಲಕ್ಕೇ ಹೋಗೋದು."

ದಿನವೂ ಧೂಪ ಹಾಕಿ, ಹೊಗೆ ಮೇಲೇರುವುದನ್ನು ಅರವತ್ತು ವರ್ಷ ಕಣ್ಣಾರೆ ನೋಡಿದವನು ನಾನು. ಧೂಪಾರತಿಯನ್ನು ಕೆಳಗಿಟ್ಟೆ. ಅವರು ಪೆಟ್ಟಿಗೆಯ ಹಿಂಬದಿಯನ್ನು ತಟ್ಟಿ ಮುಂದುವರಿಸಿದರು: "ಇದರ ಬೆನ್ನಿಗೇ ಹೊರಗೋಡೆ ಐತೆ. ಒಂಚೂರು ಮೇಲಕ್ಕೆ ಎತ್ತಿ, ಒಂದು ಬೆಂಡು, ಗೋಡೇಲಿ ಒಂದು ತೂತು, ಆಚೆ ಕಡೆ ಟೋಪಿ, ಮುಗೀತು. ನೀವ್ಯಾಕೆ ಊರೆಲ್ಲಾ ಸುತ್ಸಿದೀರಾ?"

ಮಗ ನನ್ನನ್ನು ನೋಡಿದ. ಅಕ್ಕ ಗಂಟೆಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಅನ್ಯ ಗತಿಯಿಲ್ಲದೆ ನಿಜವನ್ನು ಹೇಳಿದೆ.

"ನನ್ನ ಸೀರೆ ಒಣಗ್ಸೋಕೆ ಮನೆ ಗೋಡೆಗೆಲ್ಲಾ ತೂತು ಹೊಡ್ಸೋಕೆ ಹೊರಟಿದ್ಯೇನೋ, ಪೆದ್ದೇ?" ಎಂದಳು ಅಕ್ಕ. "ಅದಕ್ಕೋಸ್ಕರ ಮೂರು ದಿನದಿಂದ ನನ್ನ ಅಂಗಳ ಸುತ್ಸಿದ್ಯಾ?"

"ಸುತ್ತಬೇಕೆಂದು ಹೇಳಿದವಳು ನೀನೇ ಅಕ್ಕ."

"ಬಾಯ್ಮುಚ್ಚು."

ಫಿಟ್ಟರು ನಡುವೆ ಬಂದರು. ಕೊಳವೆಯ ಒಳಗೆ ಇನ್ನೊಂದು ಕೊಳವೆ ಇದೆಯೆಂದೂ, ಒಳಗಿನದರಲ್ಲಿ ಹೊಗೆ ಹೊರಹೋದರೆ ಹೊರಗಿನದರಲ್ಲಿ ತಣ್ಣನೆಯ ಗಾಳಿ ಒಳಬರುತ್ತದೆಯೆಂದೂ ತೋರಿಸಿದರು. ಅಷ್ಟು ದೂರ ಹೋಗುವಷ್ಟರಲ್ಲಿ ಕರವಸ್ತ್ರವನ್ನೂ ಒಣಗಿಸಲಾರದಂತೆ. ಬಿಸಿಯಿರುವ ಕಡೆಯಲ್ಲಿ ಬಟ್ಟೆಯನ್ನು ಹತ್ತಿರಕ್ಕೆ ತರಲೇ ಕೂಡದಂತೆ. ಎರಡು ಕಡೆಯಿಂದಲೂ ನನ್ನ ಯೋಜನೆ ಕುಸಿಯಿತು. ನಾನು ಕುಸಿದು ಕೂತದ್ದು ಮಾತ್ರ ಆ ಕೊಳಗದ ಮೇಲೆ; ಅದು ಉರುಳಿ, ಏಳು ಕೊಳವೆಗಳೂ ಸಾಲಾಗಿ ನೆಲಕ್ಕೆ ಬಿದ್ದವು.

ಆ ಸದ್ದು ಅಡಗಿದ ಮೇಲೆ ಅಕ್ಕ ಪೆಟ್ಟಿಗೆಯ ಕಡೆಗೆ ತಿರುಗಿದಳು. ನನ್ನ ವೇಷ ನೋಡಿ ಕನಿಕರ ಬಂತೋ, ಮೂರು ದಿನದ ಥಂಡಿ ಬುದ್ಧಿ ಹೇಳಿತೋ ತಿಳಿಯದು. "ಏನಪ್ಪಾ," ಎಂದು ಫಿಟ್ಟರನ್ನು ಕೇಳಿದಳು, "ಇದರ ಎದುರಿಗೆ ಬಿಸಿ ಬರುತ್ತಲ್ಲ, ಅಲ್ಲಿ ಎಷ್ಟು ದೂರ ಬಿಟ್ರೆ ಬಟ್ಟೆಗೆ ಅಪಾಯ ಇಲ್ಲ?"

"ಆರಡಿ ಬಿಟ್ಬಿಡಿ ಅಜ್ಜಿ."

"ಆರಡಿ ಸಾಲ್ದು. ಹೋಟ್ಲಲ್ಲಿ ಇದ್ದು ಬಂದಿದ್ದು. ಎಂಟಡಿ."

"ನೀವು ಹೇಳಿದ್ದೇ ಇನ್ನೂ ಸೇಫು ಅಜ್ಜಿ!"

ನಾನು ಕಂಡಂತೆ, ಮಡಿಯೂ ಗ್ಯಾಸಿನ ಕೆಲಸವೂ ಇಷ್ಟು ಸುಲಭವಾಗಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಅಕ್ಕ ತಾನೇ ಕಾಲಿನಿಂದ ನನ್ನ ರಂಗೋಲಿಯ ಗೆರೆಯನ್ನು ಅಳಿಸಿ ಅಡುಗೆಮನೆಗೆ ನಡೆದಳು. ಫಿಟ್ಟರು ಮಧ್ಯಾಹ್ನದೊಳಗೆ ನೇರವಾದ ದಾರಿಯಲ್ಲಿ ಕೊಳವೆ ಹಾಕಿ, ಸಿಲಿಂಡರನ್ನು ಹೊರಗಿಟ್ಟು, ಗಳುವನ್ನು ಹಜಾರದ ಸೂರಿಗೆ ಬಿಗಿಯಾಗಿ ತೂಗುಹಾಕಿಕೊಟ್ಟರು. ಒಂದು ಬೆಂಡು ಬಳಕೆಯಾಯಿತು. ಮಿಕ್ಕ ಎರಡು ಬೆಂಡುಗಳನ್ನು ಅವರು ನನ್ನ ಕೈಗೆ ಕೊಟ್ಟಾಗ ನಾನು ಬೇರೆ ಕಡೆಗೆ ನೋಡುತ್ತಿದ್ದೆ.

ಅಂದಿನಿಂದ ನಮ್ಮ ಸಂಜೆಗಳ ಸ್ವರೂಪವೇ ಬದಲಾಯಿತು. ಬೆಂಕಿಯ ಮುಂದೆ ಕಾಲು ಚಾಚಿ ಕೂರಬೇಕೆಂಬುದು ಸೊಸೆಯ ಬಹುದಿನದ ಆಸೆ. ಈಗ ಬೆಂಕಿಗೂ ಅವಳಿಗೂ ನಡುವೆ ಒಂಬತ್ತು ಗಜ ಸೀರೆ ತೆರೆಯಂತೆ ಇಳಿಬಿದ್ದಿತ್ತು. ಸೀರೆಗೆ ಯಾರೂ ಸೋಕಬಾರದೆಂದು ಸೋಫಾ ಎದುರಿನ ಗೋಡೆಗೆ ಒತ್ತಿಕೊಂಡಿತ್ತು. ಹೋಟೆಲಿನ ಗೆಳತಿಯರು ಅಗ್ಗಿಷ್ಟಿಕೆ ನೋಡಲು ಬಂದು, ಸಾಲಾಗಿ ಕೂತು, ಕೆಂಪಗೆ ಬೆಳಗುತ್ತಿದ್ದ ಸೀರೆಯನ್ನು ಭಕ್ತಿಯಿಂದ ನೋಡಿ, ಅವಲಕ್ಕಿ ತಿಂದು ಹೋದರು. "ಬೆಂಕಿ ಎಲ್ಲಮ್ಮಾ?" ಎಂದು ಒಬ್ಬಳು ಮೆಲ್ಲಗೆ ಕೇಳಿದ್ದಕ್ಕೆ ಸೊಸೆ, "ಒಳಗಿದೆ ಕಣೇ, ಅಲಂಕಾರ ಆಗ್ತಿದೆ," ಎಂದಳು.

ಧನುರ್ಮಾಸದ ಮೊದಲ ಮುಂಜಾನೆ ಬಂತು. ಅಕ್ಕ ಸ್ನಾನ ಮುಗಿಸಿ, ಕೋಲಿನಿಂದ ಸೀರೆಯನ್ನು ಇಳಿಸಿಕೊಂಡು, ಕೋಣೆಗೆ ಹೋಗಿ ಉಟ್ಟು ಬಂದಳು. "ಇದೇನೋ, ಹಪ್ಪಳದ ಹಾಗೆ ಗರಿಗರಿ ಅನ್ನುತ್ತೆ. ನೆರಿಗೇನೇ ನಿಲ್ಲಲ್ಲ," ಎಂದು ಗೊಣಗಿ, ಹುಗ್ಗಿಯನ್ನು ಒಲೆಯ ಮೇಲಿಟ್ಟು, ಜಪಕ್ಕೆ ಕೂತಳು. ನಾನು ಸಂಧ್ಯಾವಂದನೆಗೆ ಕೂತೆ. ಬಾಯಿ ಮಂತ್ರ ಹೇಳುತ್ತಿದ್ದರೂ ಕಿವಿ ಮಾತ್ರ ಅಕ್ಕನ ಕೆಮ್ಮಿಗಾಗಿ ಕಾಯುತ್ತಿತ್ತು. ಕೆಮ್ಮು ಬರಲಿಲ್ಲ. ಬಂದದ್ದು ಹುಗ್ಗಿ ತಳ ಹಿಡಿದ ವಾಸನೆ.

ಓಡಿಹೋಗಿ ಒಲೆ ಆರಿಸಿ, ದೇವರ ಮನೆಯಲ್ಲಿ ಇಣುಕಿದೆ. ಅಕ್ಕ ಗೋಡೆಗೊರಗಿ, ಸೆರಗನ್ನು ಹೊದ್ದು, ಜಪಮಣಿಯನ್ನು ಬೆರಳಿನಲ್ಲಿ ಹಿಡಿದ ಹಾಗೆಯೇ ನಿದ್ದೆ ಹೋಗಿದ್ದಳು. ಹೊತ್ತು ಮೀರುತ್ತಿತ್ತು, ಎಬ್ಬಿಸಲೇಬೇಕಾಗಿತ್ತು. ಅವಳು ಎಚ್ಚರಗೊಳ್ಳದಷ್ಟು ಮೆಲ್ಲಗೆ "ಅಕ್ಕಾ" ಎಂದು ಕರೆದೆ. ಕರ್ತವ್ಯ ಮಾಡಿದಂತಾಯಿತೆಂದು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ.

ಕೊನೆಗೆ ಅವಳೇ ಕಣ್ಣು ಬಿಟ್ಟಳು. ಮೂಗು ಅರಳಿಸಿ ವಾಸನೆ ಹಿಡಿದು, ನನ್ನನ್ನು ದುರುಗುಟ್ಟಿ ನೋಡಿದಳು.

"ಒದ್ದೆ ಸೀರೇಲಿ ಇಷ್ಟು ವರ್ಷ ಒಂದು ದಿನಾನಾದ್ರೂ ತೂಕಡಿಸಿದ್ದು ನೋಡಿದ್ಯೇನೋ ನೀನು?"

"ಇಲ್ಲ ಅಕ್ಕ."

"ದೇವರಿಗೆ ಸೀದ ಹುಗ್ಗಿ ಇಟ್ಟೋಳು ಅಂತ ಅನ್ನಿಸ್ದೆಯಲ್ಲೋ ನನ್ನ!"

ಸೀಯದಿದ್ದ ಮೇಲುಭಾಗವನ್ನು ಎಚ್ಚರದಿಂದ ಬೇರೆ ಪಾತ್ರೆಗೆ ತೆಗೆದು, ತಪ್ಪಾಯಿತೆಂದು ಇಬ್ಬರೂ ಕೈಮುಗಿದು, ಸೂರ್ಯ ಹುಟ್ಟುವ ಮೊದಲೇ ನೈವೇದ್ಯ ಮಾಡಿದೆವು. ತಳದ್ದು ನನ್ನ ಪಾಲಿಗೆ ಬಂತು. ಅದನ್ನು ತಿನ್ನುತ್ತ, "ಗಳುವನ್ನು ಹಿಂದಿನಂತೆ ನಿನ್ನ ಕೋಣೆಗೇ ಕಟ್ಟಿಸಿಬಿಡಲೆ ಅಕ್ಕ?" ಎಂದು ಕೇಳಿದೆ.

ಅಕ್ಕ ಮರುದಿನಕ್ಕೆ ಒಗೆದು ಹಿಂಡಿದ್ದ ಸೀರೆಯನ್ನು ಕೋಲಿಗೇರಿಸಿಕೊಂಡು, "ದಾರಿ, ದಾರಿ, ಯಾರೂ ಮುಟ್ಬೇಡಿ," ಎನ್ನುತ್ತ ಹಜಾರದ ಕಡೆಗೆ ಹೊರಟಳು. ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದ ಸೊಸೆ ಕಾಲುಗಳನ್ನು ಮೇಲಕ್ಕೆಳೆದುಕೊಂಡಳು.

"ನೋಡೇ," ಎಂದಳು ಅಕ್ಕ, ಸೀರೆಯನ್ನು ಗಳುವಿನ ಮೇಲೆ ಸರಿಪಡಿಸುತ್ತ, "ಇವತ್ತು ಸಂಜೆ ನಿನ್ನ ಬೆಂಕಿ ಒಂದು ಸುತ್ತು ಕಮ್ಮಿ ಮಾಡು. ಇಷ್ಟು ಗರಿಗರಿ ಬೇಡ."